ಬಾರದ ನಾಯಕ, ಬಂದ ದೇವರು: ಎರಡು ನಾಟಕಗಳೂ ಹೊಗೆಸೊಪ್ಪಿನ ಸೀಮೆಯ ಸಭೆಯೂ

ಕಾರ್ಮಿಕ ಸಂಘದ ಕುರಿತಾದ ಒಂದು ರಾಜಕೀಯ ನಾಟಕವನ್ನು ದೈವಶಾಸ್ತ್ರದ ವಿದ್ಯಾರ್ಥಿಯು ಏತಕ್ಕಾಗಿ ಓದಬೇಕು? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಪ್ರಸಂಗಕ್ಕೆ ದೃಷ್ಟಾಂತ ಸಿಗುತ್ತದೆಂಬುದು ಒಂದು. ಆ ಕಾಲದ ಸಾಮಾಜಿಕ ಹಿನ್ನೆಲೆ ತಿಳಿಯುತ್ತದೆಂಬುದು ಇನ್ನೊಂದು. ಎರಡು ಉತ್ತರಗಳೂ ನಾಟಕವನ್ನು ಕೂಲಿಯಾಳಿನಂತೆ ದುಡಿಸಿಕೊಂಡು ಸಂಜೆಗೆ ಮರೆತುಬಿಡುತ್ತವೆ. ಒಳ್ಳೆಯ ನಾಟಕವೊಂದು ಸಭೆಯನ್ನು ಪ್ರಶ್ನಿಸಬಲ್ಲದು. ಸಭೆಯು ತನ್ನನ್ನು ತಾನೇ ಕೇಳಿಕೊಳ್ಳಲು ಹಿಂಜರಿಯುವುದನ್ನು ಅದು ಕೇಳಬಲ್ಲದು. ಆ ಭರವಸೆಯಿಂದಲೇ ನಾವು ಇಲ್ಲಿ ಎರಡು ಕೃತಿಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಉದ್ದೇಶಿಸಿದ್ದೇವೆ. ಮೊದಲನೆಯದು ಅಮೆರಿಕದ ಕ್ಲಿಫರ್ಡ್ ಓಡೆಟ್ಸ್ ಬರೆದು 1935ರಲ್ಲಿ ರಂಗಕ್ಕೆ ಬಂದ ‘ವೇಟಿಂಗ್ ಫಾರ್ ಲೆಫ್ಟಿ’, ಅಂದರೆ ‘ಲೆಫ್ಟಿಯ ನಿರೀಕ್ಷೆಯಲ್ಲಿ’. ಎರಡನೆಯದು 1928ರ ಕುವೆಂಪು ಅವರ ‘ಜಲಗಾರ’. ಒಂದು ಮಹಾ ಆರ್ಥಿಕ ಕುಸಿತದ ನಡುವೆ ಹುಟ್ಟಿತು. ಇನ್ನೊಂದು ಆ ಕುಸಿತದ ಹೊಸ್ತಿಲಲ್ಲಿ, ಮೈಸೂರು ಸಂಸ್ಥಾನದ ನೆಲದಲ್ಲಿ ಹುಟ್ಟಿತು. ಒಂದರಲ್ಲಿ ಕಾಯುತ್ತಿದ್ದ ನಾಯಕನು ಬರುವುದಿಲ್ಲ. ಇನ್ನೊಂದರಲ್ಲಿ ಯಾರೂ ನಿರೀಕ್ಷಿಸದ ದೇವರು ಬರುತ್ತಾನೆ.

ಈ ಓದಿಗೆ ಒಂದು ಸ್ಥಳವೂ ಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳನ್ನು ನಾವು ಎದುರಿಗೆ ಇಟ್ಟುಕೊಂಡಿದ್ದೇವೆ. ಇಲ್ಲಿಯ ಹಳ್ಳಿಗಳಿಗೆ ಸೇವೆಗೆ ಹೋಗುವ ಬೋಧಕನ ಮುಂದೆ ಭಾನುವಾರ ಒಂದೇ ಜಮಖಾನೆಯ ಮೇಲೆ ಬ್ಯಾರನ್ ಇರುವವನೂ ಆ ಬ್ಯಾರನ್ನಿಗೆ ಸೊಪ್ಪು ಕಟ್ಟುವವಳೂ ಕುಳಿತಿರಬಹುದು. ಅವರಿಬ್ಬರ ನಡುವಣ ಲೆಕ್ಕವು ಆರಾಧನೆಯ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದೇ ನಮ್ಮ ವಿಚಾರದ ಹಿಂದಿರುವ ಪ್ರಶ್ನೆ.

ಸೊಪ್ಪಿನ ಸೀಮೆ

ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಯ ಪ್ರಮುಖ ನೆಲೆ ಇದೇ ಸೀಮೆ. 1975ರ ಕಾಯಿದೆಯ ಮೇರೆಗೆ 1976ರಲ್ಲಿ ಗುಂಟೂರನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ತಂಬಾಕು ಮಂಡಳಿಯು ಬೆಳೆಗಾರನಿಗೂ ಅವನ ಬ್ಯಾರನ್ನಿಗೂ ಪರವಾನಗಿ ಕೊಡುತ್ತದೆ, ಆಯಾ ವರ್ಷ ಎಷ್ಟು ಬೆಳೆಯಬೇಕೆಂಬುದನ್ನು ಗೊತ್ತುಮಾಡುತ್ತದೆ, ಹರಾಜನ್ನು ನಡೆಸುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಗ್ಗುಂಡಿ, ಕಂಪಲಾಪುರ ಎಂಬ ಊರುಗಳ ಹೆಸರು ಹರಾಜು ಮಾರುಕಟ್ಟೆಗಳಿಂದಾಗಿ ದೂರದ ಸಿಗರೇಟು ಕಂಪನಿಗಳವರಿಗೂ ಪರಿಚಿತ. ಮುಂಗಾರಿನ ಮೊದಲ ಮಳೆಗೆ ಸಸಿ ನಾಟಿಯಾಗುತ್ತದೆ. ಬುಡದ ಎಲೆಯಿಂದ ಮೊದಲುಗೊಂಡು ಹಲವು ಸುತ್ತಿನಲ್ಲಿ ಸೊಪ್ಪನ್ನು ಮುರಿಯುತ್ತಾರೆ. ಮುರಿದ ಸೊಪ್ಪನ್ನು ಹೆಂಗಸರು ದಾರದಿಂದ ಕೋಲುಗಳಿಗೆ ಕಟ್ಟುತ್ತಾರೆ. ಆ ಕೋಲುಗಳು ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ಏರುತ್ತವೆ. ಆ ಬಳಿಕ ಐದಾರು ಹಗಲು ಐದಾರು ರಾತ್ರಿ ಬೆಂಕಿ ಆರಬಾರದು. ಕಾವು ಹಂತಹಂತವಾಗಿ ಏರಬೇಕು. ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆ ಬೀಳುತ್ತದೆ.

ಈ ಕೆಲಸಕ್ಕೆ ಎರಡು ಗುಣಗಳಿವೆ. ಮೊದಲನೆಯದು, ಇದು ದೇಹದೊಳಕ್ಕೆ ಇಳಿಯುವ ಕೆಲಸ. ಇಬ್ಬನಿಯಿಂದಲೋ ಮಳೆಯಿಂದಲೋ ತೊಯ್ದ ಸೊಪ್ಪನ್ನು ಬರಿಗೈಯಲ್ಲಿ ಮುಟ್ಟುವವರ ಚರ್ಮದ ಮೂಲಕ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಉಂಟಾಗುತ್ತವೆ. ವೈದ್ಯಶಾಸ್ತ್ರ ಇದನ್ನು ಹಸಿ ತಂಬಾಕಿನ ಕಾಯಿಲೆಯೆಂದು ಗುರುತಿಸಿದೆ. ಎರಡನೆಯದು, ಇದು ಹಂಗಾಮಿನ ಕೆಲಸ. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಸೊಪ್ಪು ಮುಗಿದರೆ ಶುಂಠಿ, ಅದೂ ಮುಗಿದರೆ ಕೊಡಗಿನ ಕಾಫಿ ತೋಟದ ಲೈನ್ ಮನೆ. ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬ, ಬೆಟ್ಟಕುರುಬ, ಎರವ ಕುಟುಂಬಗಳ ಬದುಕು ಬಹುಮಟ್ಟಿಗೆ ಈ ತಿರುಗಾಟದಲ್ಲೇ ಸವೆದಿದೆ. ಒಂದೇ ಕಾರ್ಖಾನೆಯ ಒಂದೇ ಬಾಗಿಲಿನಲ್ಲಿ ದಿನವೂ ಸೇರುವವರಿಗೆ ಸಂಘ ಕಟ್ಟುವುದು ಎಷ್ಟು ಸಹಜವೋ, ಹೀಗೆ ಚದುರಿದವರಿಗೆ ಅದು ಅಷ್ಟೇ ಕಠಿಣ.

ಈ ನೆಲಕ್ಕೆ ನ್ಯಾಯದ ನೆನಪೂ ಇದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿಯೇ 1974ರ ಭೂಸುಧಾರಣೆ ಜಾರಿಗೆ ಬಂದಿತು. ಜೀತವಿಮುಕ್ತಿಯ ಕಾರ್ಯವೂ ಮೊದಲಾಯಿತು. 1976ರ ಕಾಯಿದೆಯು ಜೀತವನ್ನು ದೇಶದಾದ್ಯಂತ ಅಪರಾಧವೆಂದು ಸಾರಿತು. ಆದರೆ ಕಾನೂನು ಅಳಿಸಿದ್ದನ್ನು ಮುಂಗಡ ಹಣವು ಬೇರೊಂದು ಹೆಸರಿನಲ್ಲಿ ಮತ್ತೆ ಬರೆಯಬಲ್ಲದು. ಹಂಗಾಮಿನ ಮುಂಚೆ ಪಡೆದ ಸಾಲ, ಅದನ್ನು ತೀರಿಸುವತನಕ ಬೇರೆಡೆ ಹೋಗಲಾಗದ ಕೈಗಳು, ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಇರುವ ಲೆಕ್ಕ, ಇವುಗಳಿಗೆ ಜೀತವೆಂಬ ಹೆಸರನ್ನು ಯಾರೂ ಕೊಡುವುದಿಲ್ಲ.

ಖಾಲಿ ಕುರ್ಚಿ

1934ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರು ಮುಷ್ಕರ ಹೂಡಿದರು. ಗ್ರೂಪ್ ಥಿಯೇಟರ್ ಎಂಬ ನಾಟಕ ತಂಡದಲ್ಲಿದ್ದ ಓಡೆಟ್ಸ್ ಆ ಘಟನೆಯನ್ನು ಆಧಾರವಾಗಿಟ್ಟುಕೊಂಡು ಒಂದಂಕದ ಈ ನಾಟಕವನ್ನು ರಚಿಸಿದನು; 1935ರ ಜನವರಿಯ ಮೊದಲ ವಾರದಲ್ಲಿ ಅದರ ಪ್ರಥಮ ಪ್ರದರ್ಶನ ನಡೆಯಿತು. ರಂಗಮಂಟಪವೇ ಸಂಘದ ಸಭಾಂಗಣ. ಪ್ರೇಕ್ಷಕರೇ ಸಂಘದ ಸದಸ್ಯರು. ಅಧ್ಯಕ್ಷಪೀಠದಲ್ಲಿ ಹ್ಯಾರಿ ಫ್ಯಾಟ್ ಎಂಬ ಭ್ರಷ್ಟ ಮುಖಂಡ, ಅವನ ಬೆನ್ನಿಗೆ ಬಂದೂಕಿನವನೊಬ್ಬ. ಮುಷ್ಕರ ಬೇಡವೆಂದು ಫ್ಯಾಟ್ ವಾದಿಸುತ್ತಾನೆ. ಕಾರ್ಮಿಕರು ತಾವು ಆರಿಸಿದ ಸಮಿತಿಯ ಮುಖ್ಯಸ್ಥ ಲೆಫ್ಟಿಗಾಗಿ ಕಾಯುತ್ತಿದ್ದಾರೆ. ಅವನ ಕುರ್ಚಿ ಖಾಲಿ. ಕಾಯುವ ಆ ಹೊತ್ತಿನಲ್ಲಿ ಒಬ್ಬೊಬ್ಬ ಸದಸ್ಯನೂ ಈ ಸಂಘಕ್ಕೆ ಹೇಗೆ ಬಂದನೆಂಬುದು ಸಣ್ಣ ಸಣ್ಣ ದೃಶ್ಯಗಳಾಗಿ ತೆರೆದುಕೊಳ್ಳುತ್ತದೆ.

ಕಂತು ಕಟ್ಟಲಾಗದೆ ಮನೆಯ ಸಾಮಾನುಗಳನ್ನು ಕಳೆದುಕೊಂಡ ಜೋನನ್ನು ಅವನ ಹೆಂಡತಿ ಎಡ್ನಾ ಕೆಣಕಿ ಎಬ್ಬಿಸುತ್ತಾಳೆ. ಬಡತನದ ದೆಸೆಯಿಂದ ಮದುವೆಯಾಗಲಾರದ ಸಿಡ್ ಮತ್ತು ಫ್ಲಾರಿ ಅಗಲುತ್ತಾರೆ. ಮಿಲ್ಲರ್ ಎಂಬ ಪ್ರಯೋಗಾಲಯದ ಸಹಾಯಕನಿಗೆ ಹೆಚ್ಚಿನ ಸಂಬಳದ ಆಮಿಷ ಬರುತ್ತದೆ. ವಿಷಾನಿಲದ ತಯಾರಿಕೆಯಲ್ಲಿ ಕೈಜೋಡಿಸಬೇಕು, ಜೊತೆಯ ವಿಜ್ಞಾನಿಯ ಮೇಲೆ ಗುಟ್ಟಾಗಿ ಕಣ್ಣಿಡಬೇಕು. ಅವನು ನಿರಾಕರಿಸಿ ಕೆಲಸ ಕಳೆದುಕೊಳ್ಳುತ್ತಾನೆ. ಡಾಕ್ಟರ್ ಬೆಂಜಮಿನ್ ಯೆಹೂದ್ಯನೆಂಬ ಕಾರಣಕ್ಕೂ ಬಡವರ ವಾರ್ಡು ಮುಚ್ಚಿದ್ದರಿಂದಲೂ ಆಸ್ಪತ್ರೆಯಿಂದ ಹೊರಬೀಳುತ್ತಾನೆ. ಮುಷ್ಕರದ ವಿರುದ್ಧ ಮಾತಾಡಲು ಬಂದವನು ಮಾಲೀಕರ ಗೂಢಚಾರನೆಂದು ಸಭಿಕರೊಬ್ಬರು ಬಯಲು ಮಾಡುತ್ತಾರೆ. ಹಾಗೆ ಬಯಲು ಮಾಡಿದವನು ಆ ಗೂಢಚಾರನ ಒಡಹುಟ್ಟಿದವನೇ. ಕೊನೆಗೆ ಸುದ್ದಿ ಬರುತ್ತದೆ: ಟ್ಯಾಕ್ಸಿ ಕೊಟ್ಟಿಗೆಗಳ ಹಿಂದೆ ಲೆಫ್ಟಿ ಗುಂಡೇಟಿನಿಂದ ಸತ್ತು ಬಿದ್ದಿದ್ದಾನೆ. ಆಗ ಅಗೇಟ್ ಎಂಬ ಕಾರ್ಮಿಕನು ಸಭೆಯನ್ನು ಕೇಳುತ್ತಾನೆ. ಸಭೆ ಮುಷ್ಕರವೆಂದು ಉತ್ತರಿಸುತ್ತದೆ. ಮೊದಲ ಪ್ರದರ್ಶನದಲ್ಲಿ ಆ ಕೂಗು ಪ್ರೇಕ್ಷಕರ ಬಾಯಿಂದಲೂ ಹೊರಟಿತೆಂಬುದು ರಂಗಭೂಮಿಯ ಇತಿಹಾಸದಲ್ಲಿ ಪ್ರಸಿದ್ಧ. ಲೆಫ್ಟಿ ಸತ್ತುಬಿದ್ದ ಕೊಟ್ಟಿಗೆಗೆ ಮೂಲದಲ್ಲಿ ಬಳಸಿದ ಪದವೂ ನಮ್ಮ ಸೀಮೆಯ ಬ್ಯಾರನ್ನೂ ಒಂದೇ ಎಂಬುದು ಆಕಸ್ಮಿಕ. ಆದರೂ ಹುಣಸೂರಿನ ಓದುಗನ ಕಿವಿಗೆ ಅದು ಬೇರೆಯಾಗಿಯೇ ಕೇಳಿಸೀತು.

ಈ ಕಥೆಯನ್ನು ಕೇಳಿದೊಡನೆ ಲೆಫ್ಟಿಯನ್ನು ಕ್ರಿಸ್ತನನ್ನಾಗಿ ಮಾಡುವ ಆತುರ ಬೋಧಕನಲ್ಲಿ ಹುಟ್ಟುವುದು ಸಹಜ. ಜನರು ಕಾದ ನಾಯಕ, ಶತ್ರುಗಳ ಕೈಯಿಂದ ಮರಣ, ಮರಣದಿಂದ ಎದ್ದು ನಿಂತ ಸಮುದಾಯ: ಈಸ್ಟರ್ ಪ್ರಸಂಗವೊಂದು ತಾನಾಗಿಯೇ ಸಿದ್ಧವಾದಂತಿದೆ. ನಾವು ಈ ಆತುರವನ್ನು ಒಪ್ಪುವುದಿಲ್ಲ. ನಾಟಕದ ಬಲವಿರುವುದೇ ಆ ಸಮಾಧಾನವನ್ನು ಕೊಡದಿರುವುದರಲ್ಲಿ. ಲೆಫ್ಟಿ ಏಳುವುದಿಲ್ಲ, ಅವನು ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ, ಅವನ ಉಪದೇಶ ಏನೆಂಬುದೂ ನಮಗೆ ತಿಳಿಯದು. ಅವನ ಹೆಸರಿನಲ್ಲಿ ಕಾಯುತ್ತ ಕುಳಿತವರು ತಮ್ಮ ಕಾಯುವಿಕೆಯೇ ಒಂದು ನೆವವಾಗಿತ್ತೆಂದು ಕಂಡುಕೊಳ್ಳುತ್ತಾರೆ. ಇದಕ್ಕೆ ಹೊಂದುವ ವೇದವಾಕ್ಯ ಬೇಕಾದರೆ ಸಮಾಧಿಯ ಕಡೆಗೆ ಹೋಗುವುದಕ್ಕಿಂತ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯಕ್ಕೆ ಹೋಗುವುದು ಮೇಲು. ಆಕಾಶವನ್ನು ನೋಡುತ್ತ ನಿಂತ ಶಿಷ್ಯರನ್ನು ಬಿಳಿಯುಡುಪಿನವರು ಏಕೆ ನಿಂತಿದ್ದೀರೆಂದು ಅಲ್ಲಿ ಕೇಳುತ್ತಾರೆ. ಕರ್ತನು ಬರುವನೆಂಬ ವಾಗ್ದಾನ ಅಲ್ಲಿ ಇದೆ. ನಿಂತಲ್ಲೇ ನಿಲ್ಲಲು ಅದು ಅಪ್ಪಣೆ ಕೊಡುವುದಿಲ್ಲ.

ಪೊರಕೆಯ ಬಳಿ ನಿಂತ ಶಿವ

‘ಜಲಗಾರ’ದ ಲೋಕ ಬೇರೆ. ಅದು ಪದ್ಯನಾಟಕ, ಸಂಘವಿಲ್ಲ, ಬೇಡಿಕೆಯಿಲ್ಲ, ಸಭಾಂಗಣವಿಲ್ಲ. ಬೀದಿ ಗುಡಿಸುವ ಒಬ್ಬ ಜಲಗಾರ. ದೇವಸ್ಥಾನಕ್ಕೆ ಹೊರಟ ರೈತನೊಬ್ಬ ಅವನನ್ನು ಕರೆಯುತ್ತಾನೆ. ಗುಡಿಯ ಬಾಗಿಲು ತನಗೆ ತೆರೆಯದೆಂದು ಜಲಗಾರನಿಗೆ ಗೊತ್ತು. ತನ್ನ ಕೆಲಸವೇ ತನ್ನ ಪೂಜೆಯೆಂದು ಅವನು ನಂಬಿದ್ದಾನೆ. ಹಲವು ಬಗೆಯ ಜನ ಆ ಬೀದಿಯಲ್ಲಿ ಹಾದುಹೋಗುತ್ತಾರೆ. ಕೊನೆಗೆ ಶಿವನು ಜಲಗಾರನ ವೇಷದಲ್ಲಿಯೇ ಬಂದು, ತಾನು ಗುಡಿಯೊಳಗಿಲ್ಲ, ದುಡಿಯುವವನ ಬಳಿಯಲ್ಲಿದ್ದೇನೆಂದು ತಿಳಿಸುತ್ತಾನೆ. ಲೋಕದ ಕೊಳೆಯನ್ನು ತೊಳೆಯುವ ತಾನೂ ಒಬ್ಬ ಜಲಗಾರನೇ ಎನ್ನುತ್ತಾನೆ.

ಕ್ರೈಸ್ತ ಓದುಗನಿಗೆ ಇಲ್ಲಿ ಮನುಷ್ಯಾವತಾರದ ತತ್ತ್ವ ನೆನಪಾಗದಿರದು. ದಾಸನ ರೂಪವನ್ನು ತಾಳಿದ ಕರ್ತನು, ಸೊಂಟಕ್ಕೆ ಕೈಪಾವಡ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದವನು, ಪಾಳೆಯದ ಹೊರಗೆ ಶ್ರಮೆಪಟ್ಟವನು, ಈ ಚಿತ್ರಗಳೆಲ್ಲ ಒಟ್ಟಿಗೆ ಬರುತ್ತವೆ. ಕೂಲಿಯವನ ಬಳಿ ದೇವರಿದ್ದಾನೆಂಬ ಮಾತನ್ನು ಮೈಸೂರಿನ ನೆಲದಲ್ಲಿ, ಕನ್ನಡದ ಕಸುವಿನಿಂದ, ಒಬ್ಬ ತರುಣ ಕವಿ 1928ರಲ್ಲಿ ಹೇಳಿದನೆಂಬುದಕ್ಕೆ ನಮ್ಮ ಸಭೆಗಳು ಋಣಿಯಾಗಿರಬೇಕು. ಬಾಗಿಲು ಮುಚ್ಚಿದ ಗುಡಿಯ ಎದುರು ಈ ಮಾತು ಹುಟ್ಟಿತೆಂಬುದನ್ನೂ ನೆನೆಯಬೇಕು. ಜಾತಿಯ ಪ್ರಕಾರ ಪ್ರತ್ಯೇಕ ಸ್ಮಶಾನ, ಪ್ರತ್ಯೇಕ ಸಾಲು ಇಟ್ಟುಕೊಂಡ ಕ್ರೈಸ್ತ ಸಭೆಗಳೂ ಭಾರತದಲ್ಲಿ ಇದ್ದವು, ಇವೆ. ಆದ್ದರಿಂದ ಆ ನಾಟಕದ ಗುಡಿಯನ್ನು ಬೇರೆಯವರದೆಂದು ಓದಿ ಸಮಾಧಾನಪಡುವಂತಿಲ್ಲ.

ಆದರೂ ಒಂದು ಆಕ್ಷೇಪವನ್ನು ಎತ್ತಲೇಬೇಕು. ಶಿವನು ಬಂದ ಮೇಲೆಯೂ ಪೊರಕೆ ಅದೇ ಕೈಯಲ್ಲಿದೆ. ಜಲಗಾರನಿಗೆ ಎಷ್ಟು ಕೂಲಿ, ಅವನ ಮಗನೂ ಅದೇ ಪೊರಕೆ ಹಿಡಿಯಬೇಕೆ, ಎಂಬ ಪ್ರಶ್ನೆಗಳು ನಾಟಕದ ಕೇಂದ್ರಕ್ಕೆ ಬರುವುದಿಲ್ಲ. ಗುಡಿಸುವ ಕೆಲಸವನ್ನು ಪವಿತ್ರವೆಂದು ಹೊಗಳುವುದು ಗುಡಿಸುವವನನ್ನು ಅಲ್ಲೇ ಉಳಿಸುವ ಉಪಾಯವಾಗಬಲ್ಲದೆಂದು ಅಂಬೇಡ್ಕರ್ ಅವರು ಗಾಂಧಿಯವರ ನಿಲುವನ್ನು ಟೀಕಿಸಿದ್ದು ಇದೇ ಕಾರಣಕ್ಕೆ. ಕರ್ನಾಟಕದಲ್ಲಿ ಮಲ ಹೊರುವುದನ್ನು ನಿಷೇಧಿಸಲು ದೇವದರ್ಶನ ಸಾಕಾಗಲಿಲ್ಲ; 1970ರ ದಶಕದ ಆರಂಭದಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಆಜ್ಞೆ ಬೇಕಾಯಿತು. ಪೌರಕಾರ್ಮಿಕರ ಸೇವೆಯನ್ನು ಕಾಯಂ ಮಾಡುವ ಭರವಸೆ ಸರಕಾರದಿಂದ ದೊರೆಯಲು 2022ರಲ್ಲಿ ಅವರು ಒಟ್ಟಾಗಿ ಕೆಲಸ ನಿಲ್ಲಿಸಬೇಕಾಯಿತು. ಇದರಿಂದ ‘ಜಲಗಾರ’ ಸುಳ್ಳಾಗುವುದಿಲ್ಲ. ಅದು ಹೇಳಿದ್ದು ಅರ್ಧ ಸತ್ಯವೆಂದು ತಿಳಿಯುತ್ತದೆ, ಅಷ್ಟೆ. ಉಳಿದ ಅರ್ಧಕ್ಕೆ ಇನ್ನೊಬ್ಬ ಜಲಗಾರ ಬೇಕಾಗಿತ್ತು. ಬೀದಿಯಲ್ಲಿ ಅವನು ಒಬ್ಬನೇ ಇದ್ದಾನೆ. ದೇವರು ಬಂದನು; ಜೊತೆಗಾರ ಬರಲಿಲ್ಲ.

ಎರಡರ ಕೊರತೆ

ಕುವೆಂಪು ಅವರ ನಾಟಕದಲ್ಲಿ ಇಲ್ಲದ್ದು ಓಡೆಟ್ಸನ ನಾಟಕದಲ್ಲಿ ಹೇರಳವಾಗಿದೆ: ಜೊತೆಗಾರರು, ಕೂಲಿಯ ಲೆಕ್ಕ, ಮನೆಯ ಒಲೆ. ಆದರೆ ಅಲ್ಲಿಯೂ ಕೊರತೆಗಳಿವೆ, ಮತ್ತು ನಮ್ಮ ಸೀಮೆಯಿಂದ ನೋಡಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ.

ಮೊದಲನೆಯ ಕೊರತೆ ಶತ್ರುವಿನ ಚಿತ್ರದಲ್ಲಿದೆ. ಫ್ಯಾಟ್ ಎಂಬ ಹೆಸರಿನಲ್ಲಿಯೇ ಅವನ ಬೊಜ್ಜಿದೆ. ಅವನನ್ನು ದ್ವೇಷಿಸಲು ಪ್ರೇಕ್ಷಕನಿಗೆ ಯಾವ ಕಷ್ಟವೂ ಇಲ್ಲ. ಪಿರಿಯಾಪಟ್ಟಣದ ಹಳ್ಳಿಯಲ್ಲಿ ಕೂಲಿ ಕೊಡುವವನು ಬಹುಪಾಲು ಎರಡು ಮೂರು ಎಕರೆಯ ರೈತ. ಸೌದೆಗೆ, ಗೊಬ್ಬರಕ್ಕೆ, ಬ್ಯಾರನ್ ದುರಸ್ತಿಗೆ ಸಾಲ ಮಾಡಿದವನು. ಹರಾಜಿನ ದಿನ ತನ್ನ ಸೊಪ್ಪಿಗೆ ಬೆಲೆ ಹೇಳುವ ಅಧಿಕಾರ ಇಲ್ಲದವನು. ಬ್ಯಾರನ್ನಿಗೆ ಬೆಂಕಿ ಹಾಕಿದ ಮೂರನೆಯ ರಾತ್ರಿ ಕೂಲಿಯವರು ಎದ್ದು ಹೋದರೆ ನಷ್ಟ ಮೊದಲು ತಟ್ಟುವುದು ಅವನ ಮನೆಗೆ. ಸಿಗರೇಟು ಕಂಪನಿಗೆ ತಟ್ಟುವುದು ಅನುಮಾನ. ಹಾಗೆಂದು ಕೂಲಿಯವಳ ಹಕ್ಕು ಸಣ್ಣದಾಗುವುದಿಲ್ಲ. ತಾನು ಸಾಲಗಾರನೆಂಬುದು ಇನ್ನೊಬ್ಬರ ಕೂಲಿಯನ್ನು ತಡೆಹಿಡಿಯಲು ನ್ಯಾಯವಾದ ಕಾರಣವಲ್ಲವೆಂಬುದನ್ನು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಸ್ಪಷ್ಟವಾಗಿ ಕಲಿಸುತ್ತದೆ: ಬಡ ಕೂಲಿಯವನ ದಿನದ ಕೂಲಿ ಸೂರ್ಯ ಮುಳುಗುವುದರೊಳಗೆ ಸಲ್ಲಬೇಕು, ಅವನ ಜೀವ ಅದರ ಮೇಲೆ ನಿಂತಿದೆ. ಆ ಆಜ್ಞೆಯಲ್ಲಿ ಮಾಲೀಕನ ಹರಾಜು ಮುಗಿಯಲೆಂಬ ವಿನಾಯಿತಿ ಇಲ್ಲ. ಆದರೆ ಶೋಷಿತನೇ ಶೋಷಕನೂ ಆಗಿರುವ ಈ ಸ್ಥಿತಿಯನ್ನು ಓಡೆಟ್ಸನ ರಂಗ ಕಾಣಲಾರದು. ವಿಮೋಚನಕಾಂಡದ 5ನೆಯ ಅಧ್ಯಾಯ ಕಾಣುತ್ತದೆ. ಫರೋಹನು ಹುಲ್ಲು ಕೊಡದೆ ಇಟ್ಟಿಗೆಯ ಲೆಕ್ಕ ಇಳಿಸದೆ ಹೋದಾಗ ಪೆಟ್ಟು ಬಿದ್ದದ್ದು ಇಸ್ರಾಯೇಲ್ಯರಲ್ಲಿಯೇ ನೇಮಕವಾಗಿದ್ದ ಮೇಲ್ವಿಚಾರಕರಿಗೆ. ಅವರು ಸಿಟ್ಟಾದದ್ದು ಮೋಶೆ ಆರೋನರ ಮೇಲೆ. ಮೊದಲ ಸಂಧಾನ ಸೋತಾಗ ದುಡಿಯುವವರು ತಮ್ಮವರ ಮೇಲೆಯೇ ತಿರುಗಿಬೀಳುತ್ತಾರೆಂಬುದನ್ನು ಆ ಅಧ್ಯಾಯದಷ್ಟು ನಿಷ್ಠುರವಾಗಿ ಬಲ್ಲ ನಾಟಕ ವಿರಳ.

ಎರಡನೆಯ ಕೊರತೆ ಹೆಂಗಸರ ಸ್ಥಾನ. ಎಡ್ನಾಳ ಮಾತು ನಾಟಕದಲ್ಲಿಯೇ ಅತ್ಯಂತ ಹರಿತವಾದದ್ದು. ಜೋನನ್ನು ಸಂಘದ ಕಡೆಗೆ ಓಡಿಸುವವಳು ಅವಳೇ. ಆದರೆ ಅವಳಿಗೆ ಸಭಾಂಗಣದಲ್ಲಿ ಕುರ್ಚಿ ಇಲ್ಲ. ಗಂಡನನ್ನು ಕಳುಹಿಸಿ ಅವಳು ಮನೆಯಲ್ಲಿ ಉಳಿಯುತ್ತಾಳೆ. ಸೊಪ್ಪು ಕಟ್ಟುವ ಕೈಗಳು ಹೆಚ್ಚಾಗಿ ಹೆಂಗಸರವಾದ ಸೀಮೆಯಲ್ಲಿ ಈ ಕೊರತೆ ಚಿಕ್ಕದಲ್ಲ. 1976ರ ಸಮಾನ ವೇತನ ಕಾಯಿದೆ ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣುಗಳಿಗೆ ಒಂದೇ ಕೂಲಿ ಎಂದು ವಿಧಿಸಿತು. ಹಳ್ಳಿಯಲ್ಲಿ ‘ಗಂಡಾಳು’, ‘ಹೆಣ್ಣಾಳು’ ಎಂಬ ಎರಡು ದರಗಳ ಮಾತು ಇಂದಿಗೂ ಸಹಜವಾಗಿಯೇ ಕೇಳುತ್ತದೆ. ಸ್ತ್ರೀಯರ ಕೂಟವನ್ನು ಪ್ರಾರ್ಥನೆಗೆ ಮಾತ್ರ ಕರೆಯುವ ಸಭೆಯೂ ಎಡ್ನಾಳನ್ನು ಮನೆಯಲ್ಲಿಯೇ ಉಳಿಸುತ್ತದೆ.

ಮೂರನೆಯದನ್ನು ಕೊರತೆಯೆನ್ನುವುದಕ್ಕಿಂತ ನಾಟಕವೇ ಎತ್ತಿಕೊಟ್ಟ ಪ್ರಶ್ನೆಯೆನ್ನಬೇಕು. ಮಿಲ್ಲರನು ವಿಷಾನಿಲ ತಯಾರಿಸಲು ಒಪ್ಪಲಿಲ್ಲ. ದುಡಿಮೆಯ ಫಲ ಇನ್ನೊಬ್ಬರನ್ನು ಕೊಲ್ಲುವಂಥದಾದರೆ ಕೂಲಿ ಹೆಚ್ಚಿದ್ದರೂ ಬೇಡವೆಂದನು. ಹೊಗೆಸೊಪ್ಪಿನ ಫಲವೇನೆಂಬುದು ಈಗ ಎಲ್ಲರಿಗೂ ತಿಳಿದಿದೆ. ತಂಬಾಕು ನಿಯಂತ್ರಣದ ಜಾಗತಿಕ ಒಡಂಬಡಿಕೆಯನ್ನು ಭಾರತವು 2004ರಲ್ಲಿ ಅಂಗೀಕರಿಸಿತು, ಬೆಳೆಗಾರರಿಗೂ ಕೂಲಿಯವರಿಗೂ ಬದಲಿ ಜೀವನೋಪಾಯ ಕಲ್ಪಿಸಬೇಕೆಂಬುದೂ ಅದರಲ್ಲಿದೆ. ಹಾಗಾದರೆ ಸಭೆಯು ಮಿಲ್ಲರನಂತೆ ನಡೆದುಕೊಳ್ಳಿರೆಂದು ಸೊಪ್ಪು ಕಟ್ಟುವವಳಿಗೆ ಬೋಧಿಸಬಹುದೆ? ನಾವು ಬೋಧಿಸಲಾರೆವು. ಮಿಲ್ಲರನಿಗೆ ಓದು ಇತ್ತು. ಒಂದು ಬಾಗಿಲು ಮುಚ್ಚಿದರೆ ಟ್ಯಾಕ್ಸಿ ಓಡಿಸುವ ಇನ್ನೊಂದು ಬಾಗಿಲಾದರೂ ಇತ್ತು. ಆಯ್ಕೆಯಿಲ್ಲದವಳ ಮೇಲೆ ಆತ್ಮಸಾಕ್ಷಿಯ ಪೂರ್ಣ ಭಾರ ಹೊರಿಸುವುದು ಫರೋಹನ ಲೆಕ್ಕವೇ: ಹುಲ್ಲು ಕೊಡದೆ ಇಟ್ಟಿಗೆ ಕೇಳುವುದು. ಬದಲಿ ಬೆಳೆ, ಬದಲಿ ಕೆಲಸ, ಮಕ್ಕಳ ಓದು ಇವುಗಳಿಗಾಗಿ ದನಿಯೆತ್ತಿದ ಸಭೆಗೆ ಮಾತ್ರ ಈ ಬೆಳೆಯ ಪಾಪದ ಕುರಿತು ಮಾತಾಡುವ ಯೋಗ್ಯತೆ ಬರುತ್ತದೆ.

ನಾಟಕದ ಹೊರಗಣ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಗೂಢಚಾರನನ್ನು ಒಡಹುಟ್ಟಿದವನೇ ಬಯಲಿಗೆಳೆಯುವ ದೃಶ್ಯವನ್ನು ಬರೆದ ಓಡೆಟ್ಸ್, ಅಗೇಟನ ಪಾತ್ರವನ್ನು ಮೊದಲು ಧರಿಸಿದ ಎಲಿಯಾ ಕಜಾನ್, ಇಬ್ಬರೂ 1952ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ವಿಚಾರಣಾ ಸಮಿತಿಯ ಮುಂದೆ ನಿಂತು ತಮ್ಮ ಹಳೆಯ ಸಂಗಾತಿಗಳ ಹೆಸರುಗಳನ್ನು ಹೇಳಿದರು. ಇದನ್ನು ಹಂಗಿಸುವುದಕ್ಕೆ ನಾವು ಹೇಳುತ್ತಿಲ್ಲ. ಬೆಂಕಿಯ ಬಳಿ ಚಳಿ ಕಾಯಿಸುತ್ತ ಮೂರು ಸಲ ಅಲ್ಲಗಳೆದ ಪೇತ್ರನನ್ನು ಆಧಾರವಾಗಿ ಪಡೆದ ಸಭೆಗೆ ಆ ಹಕ್ಕು ಇಲ್ಲ. ನಾಟಕವು ಎರಡು ಬಗೆಯ ಮನುಷ್ಯರಿದ್ದಾರೆಂದು ನಂಬಿತ್ತು, ಎದ್ದು ನಿಲ್ಲುವವರು ಮತ್ತು ಮಾರಿಕೊಳ್ಳುವವರು. ಅದರ ಕರ್ತೃವಿನ ಬದುಕು ಒಬ್ಬನೇ ಮನುಷ್ಯನಲ್ಲಿ ಇಬ್ಬರೂ ಇರುವರೆಂದು ತೋರಿಸಿತು. ಪಾಪದ ಕುರಿತು ಸಭೆಯು ಹೇಳುತ್ತ ಬಂದಿರುವುದು ಇದನ್ನೇ. ಆದಕಾರಣ ಸಂಘಕ್ಕೆ ಉತ್ಸಾಹವೊಂದೇ ಸಾಲದು. ಲೆಕ್ಕಪತ್ರ, ಸರದಿಯ ಅಧಿಕಾರ, ಬಿದ್ದವನನ್ನು ಮರಳಿ ಸೇರಿಸಿಕೊಳ್ಳುವ ದಾರಿ ಇವೂ ಬೇಕು.

ಸಭೆಯ ಲೆಕ್ಕ

ಸಭೆಯು ಈ ವಿಷಯಕ್ಕೆ ಹೊರಗಿನದೆ? ಚರಿತ್ರೆ ಹಾಗೆ ಹೇಳುವುದಿಲ್ಲ. ಸಂಘ ಕಟ್ಟುವ ಹಕ್ಕನ್ನು 1891ರಲ್ಲಿಯೇ ಪೋಪ್ 13ನೆಯ ಲಿಯೋ ಅವರ ಲೋಕಪತ್ರ ಎತ್ತಿಹಿಡಿದಿತ್ತು. 1931ರ ಮೇ ತಿಂಗಳಲ್ಲಿ, ಆರ್ಥಿಕ ಕುಸಿತದ ನಡುವೆ, 11ನೆಯ ಪಯಸ್ ಅವರು ಕುಟುಂಬ ಪೋಷಣೆಗೆ ಸಾಲುವ ಕೂಲಿಯನ್ನು ನ್ಯಾಯದ ವಿಷಯವೆಂದು ಸಾರಿದರು. ಕರಾವಳಿಯಲ್ಲಿ ಬಾಸೆಲ್ ಮಿಶನ್ ಜಾತಿಯಿಂದ ಹೊರಬಿದ್ದ ವಿಶ್ವಾಸಿಗಳ ಜೀವನಕ್ಕೆಂದು ನೇಯ್ಗೆಯನ್ನೂ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಅದು ದೊಡ್ಡ ಉಪಕಾರ. ಜೊತೆಗೆ ಬೋಧಕನೂ ಧಣಿಯೂ ಒಂದೇ ಮನೆಯವರಾದ ಇಕ್ಕಟ್ಟು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಆ ಇಕ್ಕಟ್ಟನ್ನು ಇನ್ನೊಂದು ಬದಿಯಿಂದ ಕಂಡಿತು. ಅಲ್ಲಿ ಚೋಮನ ಮಗ ಗುರುವ ಕ್ರೈಸ್ತನಾಗುವುದು ಕಾಫಿ ತೋಟದಲ್ಲಿ. ಚೋಮನು ಸಭೆಯ ಬಾಗಿಲಿನತ್ತ ಹೊರಡುವುದು ಒಂದು ತುಂಡು ನೆಲದ ಆಸೆಯಿಂದ. ದಾರಿಯಲ್ಲಿ ಪಂಜುರ್ಲಿಯ ನೆನಪು ಅವನನ್ನು ಹಿಂದಕ್ಕೆ ಎಳೆಯುತ್ತದೆ. ನೆಲ ಕೊಡುವವರ ಸಾಲಿನಲ್ಲಿ ಸಭೆಯೂ ಒಬ್ಬ ಧಣಿಯಾಗಿ ಚೋಮನಿಗೆ ಕಂಡಿತು. ತನ್ನಂಥವರ ಕೂಟವಾಗಿ ಕಾಣಲಿಲ್ಲ. ಸಭೆಯ ಕುರಿತು ಕನ್ನಡ ಸಾಹಿತ್ಯ ಮಾಡಿದ ಅತಿ ಗಂಭೀರವಾದ ವಿಮರ್ಶೆ ಇದೇ ಇರಬಹುದು.

ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರಮಿಕರು ಸುಮ್ಮನಿರಲಿಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಬೆರಳಚ್ಚು ಪಡೆಯುವ ಕ್ರಮವನ್ನು ವಿರೋಧಿಸಿ ಕೆಲಸ ನಿಲ್ಲಿಸಿದರು. ಬ್ರಿಟಿಷ್ ಭಾರತದಲ್ಲಿ 1926ರ ಕಾಯಿದೆ ಸಂಘಗಳಿಗೆ ಮನ್ನಣೆ ಕೊಟ್ಟಿತ್ತು. ಸಂಸ್ಥಾನದಲ್ಲಿ ಅಂಥ ಕಾನೂನು ಬರಲು 1940ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಅಂದರೆ ‘ಜಲಗಾರ’ ಬರೆದ ದಿನ, ಆ ಜಲಗಾರನು ಸಂಘ ಕಟ್ಟಿದ್ದರೆ ಸಂಸ್ಥಾನದ ಕಾನೂನಿನಲ್ಲಿ ಅದಕ್ಕೆ ಹೆಸರೇ ಇರುತ್ತಿರಲಿಲ್ಲ. ಅವನ ಒಂಟಿತನ ಕವಿಯ ಕಲ್ಪನೆ ಮಾತ್ರವಲ್ಲ. ಅದು ರಾಜ್ಯದ ವ್ಯವಸ್ಥೆಯೂ ಆಗಿತ್ತು. ಇಂದು ಆ ನೆವ ಉಳಿದಿಲ್ಲ.

ದ್ರಾಕ್ಷಿತೋಟದ ಕೂಲಿಯವರ ಸಾಮ್ಯವನ್ನು ನಾವು ಕೃಪೆಯ ಪಾಠವಾಗಿ ಬೋಧಿಸುತ್ತೇವೆ, ಅದು ಸರಿಯೇ. ಎರಡು ನಾಟಕಗಳನ್ನೂ ಓದಿ ಮತ್ತಾಯನ 20ನೆಯ ಅಧ್ಯಾಯಕ್ಕೆ ಮರಳಿದರೆ ಬೇರೆ ವಿವರಗಳು ಕಣ್ಣಿಗೆ ಬೀಳುತ್ತವೆ. ಪೇಟೆಯಲ್ಲಿ ಕಾಯುತ್ತ ನಿಂತವರು ಸೋಮಾರಿಗಳಲ್ಲ, ಯಾರೂ ಕರೆಯದವರು. ಹಂಗಾಮಿನ ಮುಂಜಾನೆ ರಸ್ತೆಯ ಕೂಡಿನಲ್ಲಿ ಟೆಂಪೋಗಾಗಿ ನಿಂತವರ ಹಾಗೆ. ಕೂಲಿ ಅದೇ ಸಂಜೆ, ಪಾರುಪತ್ಯಗಾರನ ಕೈಯಿಂದ, ಎಲ್ಲರ ಎದುರಿಗೆ ಸಲ್ಲುತ್ತದೆ. ಕೊನೆಗೆ ಬಂದವನಿಗೂ ಒಂದು ದಿನ ಬದುಕಲು ಸಾಲುವಷ್ಟು ಸಿಗುತ್ತದೆ. ಮುಂಜಾನೆಯವರ ಗೊಣಗಾಟವನ್ನು ಕರ್ತನು ತಿದ್ದುವುದು ಅವರ ಕೂಲಿಯನ್ನು ಕಡಿಮೆ ಮಾಡಿ ಅಲ್ಲ. ಕೃಪೆಯು ನ್ಯಾಯದ ಮೇಲೆ ಕಟ್ಟಿದ ಮಹಡಿ. ತಳಪಾಯ ತೆಗೆದು ಮಹಡಿ ನಿಲ್ಲಿಸಲಾಗದು. ತಡೆಹಿಡಿದ ಕೂಲಿಯೇ ಹೊಲಗಳಿಂದ ಕೂಗುತ್ತದೆಂದು ಯಾಕೋಬನು ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಎಚ್ಚರಿಸುವುದು ಅವಿಶ್ವಾಸಿಗಳನ್ನಲ್ಲ. ಅವನ ಪತ್ರಿಕೆಯನ್ನು ಓದಿಸಿಕೊಂಡದ್ದು ಸಭೆ.

ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಈ ಎರಡು ನಾಟಕಗಳನ್ನು ಒಟ್ಟಿಗೆ ಓದಬೇಕೆಂದು ನಾವು ಸೂಚಿಸುತ್ತೇವೆ. ಒಂದನ್ನೇ ಓದಿದವನು ಒಂದು ಬಗೆಯ ತಪ್ಪಿಗೆ ಬೀಳುವನು. ‘ಜಲಗಾರ’ವನ್ನಷ್ಟೇ ಓದಿದ ಬೋಧಕನು ಬ್ಯಾರನ್ನಿನ ಹೊಗೆಯಲ್ಲಿ ಕೆಮ್ಮುವವಳಿಗೆ ನಿನ್ನ ಶ್ರಮ ಪವಿತ್ರವೆಂದು ಹೇಳಿ ಹಿಂತಿರುಗುವನು. ‘ಲೆಫ್ಟಿ’ಯನ್ನಷ್ಟೇ ಓದಿದವನು ಅವಳಿಗೆ ಒಂದು ಘೋಷಣೆಯನ್ನು ಕೊಟ್ಟು, ಮರುದಿನ ಅವಳನ್ನು ಯಾರೂ ಕೆಲಸಕ್ಕೆ ಕರೆಯದಾಗ ಪಟ್ಟಣದಲ್ಲಿರುವನು. ಎರಡನ್ನೂ ಓದಿದವನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯವನ್ನು ಹೊಸದಾಗಿ ಓದಿಯಾನು: ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುವ ದೇಹವನ್ನು ಅದು ಕಾಣಿಸುತ್ತದೆ. ದೇವರು ಬಂದಿದ್ದಾನೆಂಬುದೂ ಜೊತೆಗಾರರು ಬೇಕೆಂಬುದೂ ಆ ದೇಹದಲ್ಲಿ ಒಂದಾಗುತ್ತವೆ.

ಅದು ಹಳ್ಳಿಯ ಸಭೆಯಲ್ಲಿ ಯಾವ ರೂಪ ತಾಳಬಹುದು? ದೊಡ್ಡದೇನೂ ಬೇಕಾಗಿಲ್ಲ. ರಾಜ್ಯವು ಕೃಷಿ ಕಾರ್ಮಿಕರಿಗೆ ಗೊತ್ತುಮಾಡಿದ ಕನಿಷ್ಠ ಕೂಲಿಯ ಮೊತ್ತವನ್ನು ಬೋಧಕನು ತಿಳಿದಿರುವುದು, ಕೇಳಿದವರಿಗೆ ಹೇಳುವುದು. ಮುಂಗಡ ಪಡೆದವಳ ಕೈಯಲ್ಲೂ ಲೆಕ್ಕದ ಒಂದು ಚೀಟಿ ಇರುವಂತೆ ನೋಡಿಕೊಳ್ಳುವುದು. ತೊಯ್ದ ಸೊಪ್ಪು ಮುಟ್ಟುವವರಿಗೆ ಕೈಗವಸು, ಉದ್ದ ತೋಳಿನ ಅಂಗಿ, ತೊಳೆಯಲು ನೀರು ಬ್ಯಾರನ್ನಿನವನು ಒದಗಿಸಬೇಕೆಂಬ ಮಾತನ್ನು ಸುಗ್ಗಿಯ ಆರಾಧನೆಗೆ ಮುಂಚೆಯೇ ಆಡುವುದು, ಕಾಣಿಕೆ ಎತ್ತಿದ ಮೇಲಲ್ಲ. ಸೊಪ್ಪು ಕಟ್ಟುವ ಹೆಂಗಸರು ತಮ್ಮ ದರವನ್ನು ತಾವೇ ಕೂಡಿ ಮಾತಾಡಲು ಸಭಾಮಂದಿರದ ಬಾಗಿಲನ್ನು ವಾರದ ಒಂದು ಸಂಜೆ ತೆರೆದಿಡುವುದು. ಅವರಲ್ಲಿ ಕ್ರೈಸ್ತರಲ್ಲದವರು ಹೆಚ್ಚಿದ್ದರೂ ತೆರೆದಿಡುವುದು, ಮತ್ತು ಆ ಕೂಟದ ಅಧ್ಯಕ್ಷಪೀಠದಲ್ಲಿ ಬೋಧಕನು ಕೂರದಿರುವುದು. ಸಾಲದಲ್ಲಿರುವ ಬೆಳೆಗಾರನನ್ನು ಶತ್ರುವೆಂದು ಬದಿಗಿಡದೆ, ಅವನ ಹರಾಜಿನ ಕಷ್ಟವನ್ನೂ ಅದೇ ಪ್ರಾರ್ಥನೆಯಲ್ಲಿ ಹೆಸರಿಸುವುದು. ಇವುಗಳಿಂದ ಕೆಲವರು ಮುನಿಯಬಹುದು. ಸಭೆಯ ಕಾಣಿಕೆ ಒಂದೆರಡು ತಿಂಗಳು ಇಳಿಯಲೂಬಹುದು. ಆ ಬೆಲೆಯನ್ನು ತೆರಲು ಸಿದ್ಧವಿಲ್ಲದ ಸಭೆಯು ಕರ್ತನ ಭೋಜನದಲ್ಲಿ ರೊಟ್ಟಿಯನ್ನು ಎತ್ತಿ, ಇದು ಮನುಷ್ಯರ ಕೈಕೆಲಸವೆಂದು ಹೇಳುವಾಗ ಯಾರ ಕೈಯೆಂದು ಹೇಳಲಾರದು.